ಸೇವ್ ಬಟನ್ ಮೇಲಿನ ಟಿಕಳಿ

ಗಣಿ ಲಾರಿಗಳು ರಸ್ತೆಗಳನ್ನೆಲ್ಲ ಕೆಂಪು ಮಾಡಿದ್ದ ಕಾಲದಲ್ಲಿ ನಾನು ಹೊಸಪೇಟೆಯಲ್ಲಿ ಕೂತು ವೆಬ್ ಪುಟಗಳನ್ನು ಮಾಡಿಕೊಡುತ್ತಿದ್ದೆ. ಗಿರಾಕಿಗಳು ಮೂರೇ: ಹಂಪಿಯ ಒಂದು ಲಾಡ್ಜು, ಕಂಪ್ಲಿಯ ಅಕ್ಕಿ ಗಿರಣಿ, ಸಂಡೂರಿನ ಹತ್ತಿರ ಅದಿರಿನ ಲಾರಿ ತೂಗುವ ಒಂದು ವೇಬ್ರಿಡ್ಜ್. ಮೂವರಿಗೂ ಅವೇ ಬಟನ್, ಅವೇ ಚೌಕಗಳನ್ನು ಮತ್ತೆ ಮತ್ತೆ ಬರೆದು ಸಾಕಾಗಿ, ಎಲ್ಲ ಬಿಡಿಭಾಗಗಳನ್ನೂ ಒಂದೇ ಕಡೆ ಇಟ್ಟು ಲೈಬ್ರರಿ ಮಾಡಿದೆ. ಅಲ್ಲಿ ಒಮ್ಮೆ ತಿದ್ದಿದರೆ ಸಾಕು, ಮೂರೂ ಊರಿನಲ್ಲಿ ತಾನಾಗಿಯೇ ಬದಲಾಗುತ್ತಿತ್ತು. ನನ್ನ ಹಿಗ್ಗು ಹೇಳತೀರದು. ಮನೆಯಲ್ಲಿ ಯಾರಿಗೂ ಅರ್ಥವಾಗದಿದ್ದರೂ ಎಲ್ಲರನ್ನೂ ಕೂರಿಸಿ ವಿವರಿಸಿದೆ.

ಒಂದು ಸಂಜೆ ಲಾಡ್ಜಿನವರು ಸೇವ್ ಬಟನ್ ಬಲಕ್ಕಿದ್ದರೆ ಚೆಂದ ಎಂದರು. ನನಗೂ ಹೌದೆನಿಸಿತು. ಲೈಬ್ರರಿಯಲ್ಲೇ ಸೇವ್ ಬಲಕ್ಕೆ, ಕ್ಯಾನ್ಸಲ್ ಎಡಕ್ಕೆ ಮಾಡಿ ಮನೆಗೆ ಹೋದೆ.

ಮರುದಿನ ಮಧ್ಯಾಹ್ನ ವೇಬ್ರಿಡ್ಜಿನ ಮಾಲೀಕರ ಫೋನು ಬಂತು. "ಬೆಳಿಗ್ಗಿಂದ ಒಂದು ಲಾರೀನೂ ಕಂಪ್ಯೂಟರ್‍ನ್ಯಾಗ ಏರಿಲ್ಲ ನೋಡ್ರಿ. ಈಕಿಗೆ ಕಣ್ಣಿಲ್ಲೇನು? ಸಂಜೀಗೆ ಆಕೀನ ಕೆಲಸ ಬಿಡಿಸಿ ಮನೀಗೆ ಕಳಸ್ತೀನಿ."

ಆಕೆ ಚೋರನೂರಿನಿಂದ ದಿನಾ ಬಂದು ಹೋಗುತ್ತಿದ್ದ ಗುಮಾಸ್ತೆ. ಆರು ತಿಂಗಳಿಂದ ಒಂದು ತಪ್ಪನ್ನೂ ಮಾಡಿದವಳಲ್ಲ. ನಾನು ಸಿಕ್ಕ ಬಸ್ಸು ಹತ್ತಿದೆ.

ಅತ್ತು ಅತ್ತು ಆಕೆಯ ಕಣ್ಣುಗಳು ಕೆಂಪಾಗಿದ್ದವು. ಮಾನಿಟರಿನ ಗಾಜಿನ ಮೇಲೆ, ಮೊದಲು ಸೇವ್ ಇದ್ದ ಜಾಗದಲ್ಲಿ, ಹಣೆಗಿಡುವ ಕರಿ ಟಿಕಳಿಯೊಂದು ಅಂಟಿಕೊಂಡಿತ್ತು. ಇದೇನೆಂದು ಕೇಳಿದೆ.

"ಕಿಟಕಿ ಬಿಸಲು, ಮ್ಯಾಲೆ ಧೂಳು. ಅಕ್ಷರ ಕಾಣಂಗಿಲ್ರಿ ಅಕ್ಕಾ. ಮೌಸಿನ ಬಾಣ ಟಿಕಳಿ ಕೆಳಗ ಹೊಕ್ಕಿತಂದ್ರ ಒತ್ತೋದು."

ಟಿಕಳಿಯ ಕೆಳಗೆ ಈಗ ನನ್ನ ಕ್ಯಾನ್ಸಲ್ ಕೂತಿತ್ತು. ಒತ್ತಿದೊಡನೆ ಪುಟ ಖಾಲಿಯಾಗುತ್ತಿತ್ತು. ಸೇವ್ ಆದಾಗಲೂ ಹಾಗೇ ಖಾಲಿಯಾಗುವಂತೆ ಮಾಡಿದ್ದವಳು ನಾನೇ. ಆಕೆಗೆ ಗೊತ್ತಾಗುವುದಾದರೂ ಹೇಗೆ? ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಮಾಲೀಕರ ಮುಂದೆ ನಿಂತು, ಬಟನ್ ಸರಿಸಿದವಳು ನಾನು, ಯಾರಿಗೂ ಹೇಳದೆ ಸರಿಸಿದೆ, ಆಕೆಯದೇನೂ ತಪ್ಪಿಲ್ಲ ಎಂದೆ. ಅವರು ಟಿಕಳಿಯನ್ನೂ ನನ್ನನ್ನೂ ಒಂದೊಂದು ಸಲ ನೋಡಿದರು.

"ಮೊದಲ ಹೇಳಬಾರದೇನ್ರಿ ಮತ್ತ! ಆಕಿ ಇರ್ಲಿ. ಇಬ್ರೂ ಕುಂತು ಜಲ್ದಿ ಎಲ್ಲಾ ಏರಿಸ್ರಿ."

ಪುಣ್ಯಕ್ಕೆ ತೂಕದ ಯಂತ್ರದ ಚೀಟಿಗಳಿದ್ದವು. ಆಕೆ ಓದಿದಳು, ನಾನು ಟೈಪ್ ಮಾಡಿದೆ. ನಡುವೆ ಮಾಲೀಕರೇ ಮಂಡಕ್ಕಿ ಮಿರ್ಚಿ ತರಿಸಿದರು.

ಕೆಲಸ ಮುಗಿದ ಮೇಲೆ, ಟಿಕಳಿಯನ್ನು ಕಿತ್ತು ಬಲಕ್ಕೆ ಅಂಟಿಸೋಣವೇ ಎಂದು ಕೇಳಿದೆ.

"ಟಿಕಳಿ ಅಲ್ಲೇ ಇರ್ಲಿ ಅಕ್ಕಾ. ನಿಮ್ಮ ಬಟನ್ನ ಈ ಕಡೆ ಕರಕೊಂಡು ಬರ್ರಿ," ಎಂದು ಆಕೆ ಆ ದಿನ ಮೊದಲ ಸಲ ನಕ್ಕಳು.

ಅಲ್ಲೇ ಕೂತು ಕರೆದುಕೊಂಡು ಬಂದೆ. ಕಂಪ್ಲಿಯಲ್ಲೂ ಹಂಪಿಯಲ್ಲೂ ಸೇವ್ ಎಡಕ್ಕೆ ಬಂತು. ಲಾಡ್ಜಿನವರು ಯಾಕೆ ಹೀಗೆ ಎಂದು ಗೊಣಗಿದಾಗ, ಅದು ನಮ್ಮ ಲೈಬ್ರರಿಯ ನಿಯಮ ಎಂದೆ. ನಿಯಮ ಮಾಡಿದವರು ಯಾರೆಂದು ಹೇಳಲಿಲ್ಲ. ಆದರೆ ಅಲ್ಲಿಂದ ಮುಂದೆ ಏನನ್ನೇ ಅಲುಗಿಸುವ ಮೊದಲು, ವೇಬ್ರಿಡ್ಜಿಗೆ ಫೋನು ಮಾಡಿ ಆಕೆಯನ್ನು ಕೇಳುತ್ತಿದ್ದೆ.