ಮೂವತ್ತೆಂಟನ್ನು ನಲವತ್ತೈದು ಎಂದೆ

ನಾನು ನನ್ನ ನಾದಿನಿಗೆ ಸುಳ್ಳು ಹೇಳಿದೆ. ಒಂದು ಬಿಲ್ಲಿನ ವಿಷಯದಲ್ಲಿ, ಒಂದೇ ಒಂದು ಅಂಕಿಯ ಸುಳ್ಳು. ಅದರಿಂದಾಗಿ ಒಂದು ಜಿಂಕೆ ಸಂಜೆಯಿಂದ ಮರುದಿನ ಬೆಳಗಿನವರೆಗೆ ನರಳಿ ಸತ್ತಿತು. ನನ್ನ ನಾದಿನಿ ಆರು ವರ್ಷ ತನ್ನನ್ನು ತಾನು ಹೇಡಿ ಎಂದುಕೊಂಡು ಬದುಕಿದಳು. ಇದನ್ನು ಬರೆಯಲು ಕೂತಾಗಲೂ ಕೈ ಮೊದಲು ಬೇರೊಂದು ವಾಕ್ಯದ ಕಡೆಗೇ ಹೋಯಿತು — ‘ನನಗೆ ತಿಳಿಯದೆ’ ಎಂದು ಶುರುವಾಗುವ ವಾಕ್ಯ. ಅದನ್ನು ಹೊಡೆದುಹಾಕಿದ್ದೇನೆ. ನನಗೆ ತಿಳಿದಿತ್ತು.

ರುಕ್ಮಿಣಿ ನಮ್ಮ ಮನೆಯವರ ತಂಗಿ. ವಿಜಯಪುರದಿಂದ ಲಂಡನ್ನಿಗೆ ಬಂದಾಗ ಎಜ್‌ವೇರಿನ ನಮ್ಮ ಮನೆಯಲ್ಲೇ ಎರಡು ವರ್ಷ ಇದ್ದಳು. ಹೇಸ್‌ನಲ್ಲಿ ವಿಮಾನಗಳಿಗೆ ಊಟ ಕಟ್ಟಿ ಕಳಿಸುವ ದೊಡ್ಡ ಅಡುಗೆಮನೆಯೊಂದರಲ್ಲಿ ಅವಳಿಗೆ ತಪಾಸಣೆಯ ಕೆಲಸ. ಆಮೇಲೆ ಕೊಲಿಂಡೇಲಿನಲ್ಲಿ ಸಣ್ಣದೊಂದು ಫ್ಲ್ಯಾಟ್ ಹಿಡಿದಳು. ನಮಗೆ ಮಕ್ಕಳಿಲ್ಲ. ಅವಳು ಮನೆ ಬಿಟ್ಟ ವಾರ ಮೂರು ತಟ್ಟೆ ಹಾಕಿ, ಒಂದನ್ನು ತೆಗೆದಿಟ್ಟದ್ದು ನೆನಪಿದೆ.

ನಾನು ಆಗಲೇ ಹತ್ತು ವರ್ಷದಿಂದ ಬಿಲ್ಲು ಹಿಡಿದವಳು. ಕೌನ್ಸಿಲ್ ಕಚೇರಿಯಲ್ಲಿ ವಾರವೆಲ್ಲ ಫೈಲು. ಭಾನುವಾರ ಮಾತ್ರ ಕ್ಲಬ್ಬಿನ ಮೈದಾನದಲ್ಲಿ ಹೊಸಬರಿಗೆ ಬಿಲ್ಲುಗಾರಿಕೆ ಕಲಿಸುವ ಕೋಚು. ರುಕ್ಕುವನ್ನೂ ಅಲ್ಲಿಗೆ ಕರೆದುಕೊಂಡು ಹೋದೆ. ನಾವು ಹಿಡಿಯುತ್ತಿದ್ದದ್ದು ರಿಕರ್ವ್ ಬಿಲ್ಲು — ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು. ನಾಲ್ಕು ವರ್ಷ ಅವಳ ಬೆನ್ನ ಹಿಂದೆ ನಿಂತು ಭುಜ ಇಳಿಸಿದೆ, ಮೊಣಕೈ ಎತ್ತಿದೆ. ಹೆದೆ ಯಾವುದು, ಬಾಣ ಎಷ್ಟು ಉದ್ದ, ಬಿಲ್ಲು ಎಷ್ಟು ಬಿಗಿ — ಆ ಲೆಕ್ಕವೆಲ್ಲ ನನ್ನದು. ಅವಳು ಕೇಳುತ್ತಲೂ ಇರಲಿಲ್ಲ. “ವೈನಿ ಕೊಟ್ಟಾರ, ನಾ ಹೊಡೀತೀನಿ,” ಎಂದು ಎಲ್ಲರೆದುರು ನಗುತ್ತಿದ್ದಳು.

ಒಂದು ಭಾನುವಾರ ಊಟಕ್ಕೆ ಕೂತಾಗ ಅವಳು ಹೇಳಿದಳು — ಜಿಂಕೆ ಬೇಟೆಗೆ ಹೋಗುತ್ತೇನೆ ಎಂದು. ಇಂಗ್ಲೆಂಡಿನಲ್ಲಿ ಬಿಲ್ಲಿನಿಂದ ಬೇಟೆಯಾಡುವುದು ಅಪರಾಧ, ಹಂಗೇರಿಯಲ್ಲಿ ಅಲ್ಲ. ಅವಳ ಜೊತೆ ಕೆಲಸ ಮಾಡುವ ಹಂಗೇರಿಯ ಹೆಣ್ಣುಮಗಳೊಬ್ಬಳ ಸೋದರಮಾವ ಅಲ್ಲಿ ಬೇಟೆಗೆ ದಾರಿ ತೋರಿಸುವವನಂತೆ. ನಮ್ಮ ಮನೆಯವರು ತುತ್ತು ಕೈಯಲ್ಲೇ ಹಿಡಿದು ನೋಡಿದರು.

“ಹುಚ್ಚೇನ ನಿನಗ?”

“ಅಣ್ಣಾ, ದಿನಾ ಸಾವಿರಗಟ್ಟಲೆ ಕೋಳಿ ತುಂಡು ನನ್ನ ಕಣ್ಣ ಮುಂದ ಬೆಲ್ಟಿನ ಮ್ಯಾಲ ಹೋಗತಾವ. ಒಂದರ ಮುಖಾನೂ ನಾ ನೋಡಿಲ್ಲ. ಮನಿಗೆ ಬಂದು ನಾನೂ ತಿಂತೀನಿ. ಒಂದು ಸಲಾನಾದ್ರೂ ನಾ ತಿನ್ನೂದನ್ನ ನಾನ ಕೊಲ್ಲಬೇಕು. ಆಗಲಿಲ್ಲಂದ್ರ ತಿನ್ನೂದು ಬಿಡ್ತೀನಿ.”

ಅವರಿಗೆ ಅರ್ಥವಾಗಲಿಲ್ಲ. ನನಗಾಯಿತು. ಅವಳು ಆಟಕ್ಕೆ ಹೇಳುತ್ತಿರಲಿಲ್ಲ. ಒಂದು ವರ್ಷ ತಯಾರಿ ಮಾಡುತ್ತೇನೆ, ಪ್ರಾಣಿಗೆ ಒಂದೇ ಬಾಣ, ನರಳಬಾರದು — ಅದೊಂದೇ ಅವಳ ಮಾತು. “ಬಿಲ್ಲು ಮಾತ್ರ ನೀವ ಆರಿಸಿಕೊಡ್ರಿ ವೈನಿ,” ಎಂದಳು. ಹ್ಞೂಂ ಎಂದೆ. ಆ ದಿನ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಇದನ್ನಾದರೂ ನೀವು ನಂಬಬೇಕು — ನಂಬದಿದ್ದರೂ ಸರಿಯೇ.

ಮೂರ್ನಾಲ್ಕು ತಿಂಗಳ ನಂತರ ಅವಳು ಹೆದೆ ಎಳೆಯುವುದನ್ನು ನೋಡುತ್ತಿದ್ದೆ. ಏನೋ ಬದಲಾಗಿತ್ತು. ಮೊಣಕೈ ಎರಡು ಬೆರಳಷ್ಟು ಕೆಳಗೆ, ಉಸಿರು ಬೇರೆ ಕಡೆ ನಿಲ್ಲುತ್ತಿತ್ತು. ನಾನು ಕಲಿಸಿದ್ದಲ್ಲ. ಚೆನ್ನಾಗಿತ್ತು — ನಾನು ಕಲಿಸಿದ್ದಕ್ಕಿಂತ ಚೆನ್ನಾಗಿತ್ತು. ಕ್ಲಬ್ಬಿನ ಒಬ್ಬಾಕೆ ಟೀ ಕುಡಿಯುತ್ತ ಸಹಜವಾಗಿ ಹೇಳಿದಳು: ನಿನ್ನ ನಾದಿನಿ ಶನಿವಾರಗಳಲ್ಲಿ ಇನ್ನೊಂದು ಕ್ಲಬ್ಬಿನ ಕೋಚ್ ಹತ್ತಿರ ಕಲಿಯುತ್ತಿದ್ದಾಳಲ್ಲ, ಅದಕ್ಕೇ ಇಷ್ಟು ಸುಧಾರಿಸಿದ್ದಾಳೆ.

ಶನಿವಾರ ಓವರ್‌ಟೈಮ್ ಎಂದು ರುಕ್ಕು ನನಗೆ ಹೇಳಿದ್ದಳು.

ಟೀ ಲೋಟ ತೊಳೆದಿಟ್ಟು ಮನೆಗೆ ಬಂದೆ. ನಾಲ್ಕು ವರ್ಷ ನಾನು ಕೊಟ್ಟದ್ದೇನು, ಅವಳು ಮಾಡಿದ್ದೇನು — ತಲೆಯಲ್ಲಿ ಅದೇ ಸುತ್ತು. ಕೇಳಬಹುದಿತ್ತು. ಮುಂದಿನ ಭಾನುವಾರ ಅವಳು ಬಂದಾಗ, ಯಾಕವ್ವ ನನಗೆ ಹೇಳಲಿಲ್ಲ ಎಂದು ಒಂದೇ ಮಾತು ಕೇಳಬಹುದಿತ್ತು. ಕೇಳಲಿಲ್ಲ. ರೊಟ್ಟಿ ಬಡಿದು ಬಡಿಸಿದೆ. ಅವಳು ಇನ್ನೊಂದು ಕೇಳಿದಾಗ ತುಪ್ಪ ಹಚ್ಚಿ ಹಾಕಿದೆ. ಒಳಗೊಳಗೆ ಮಾತ್ರ ನನ್ನದೊಂದು ಮುಖ ಅವಳಿಂದ ತಿರುಗಿಬಿಟ್ಟಿತ್ತು.

ಬಿಲ್ಲು ಕೊಳ್ಳಲು ಹೋದದ್ದು ಆಮೇಲೆ. ಲಂಡನ್ನಿನ ಹೊರ ಅಂಚಿನಲ್ಲಿ ಒಂದು ಹಳೆಯ ಅಂಗಡಿ. ಹಂಗೇರಿಯ ಆ ಬೇಟೆಗಾರ ಮೊದಲೇ ಬರೆದಿದ್ದ — ಜಿಂಕೆಗೆ ನಲವತ್ತೈದು ಪೌಂಡಿಗಿಂತ ಕಡಿಮೆ ಎಳೆತದ ಬಿಲ್ಲು ತರಬೇಡಿ ಎಂದು. ಬಾಣ ಒಳಗೆ ಆಳವಾಗಿ ಇಳಿಯಬೇಕು. ಇಳಿಯದಿದ್ದರೆ ಪ್ರಾಣಿ ಬೇಗ ಸಾಯುವುದಿಲ್ಲ. ಇಲ್ಲಿ ಒಂದು ಸಂಗತಿ ಹೇಳಬೇಕು. ಬಿಲ್ಲಿನ ಮೇಲೆ ಬರೆದಿರುವುದು ಬಿಲ್ಲಿನ ತೂಕವಲ್ಲ, ಹೆದೆಯನ್ನು ಇಪ್ಪತ್ತೆಂಟು ಇಂಚು ಎಳೆದಾಗ ಕೈಗೆ ಬೀಳುವ ತೂಕ. ಗಿಡ್ಡ ತೋಳಿನವರು ಅಷ್ಟು ಎಳೆಯಲಾರರು; ಅವರ ಕೈಯಲ್ಲಿ ಅದೇ ಬಿಲ್ಲಿನ ಬಲ ಕಡಿಮೆ. ರುಕ್ಕುವಿನ ಎಳೆತ ಇಪ್ಪತ್ತೈದು ಇಂಚು.

ಅಂಗಡಿಯವನು ಎರಡು ಬಿಲ್ಲು ತೆಗೆದಿಟ್ಟ. ಒಂದರ ಮೇಲೆ ನಲವತ್ತೈದು, ಇನ್ನೊಂದರ ಮೇಲೆ ಐವತ್ತೈದು. ರುಕ್ಕು ದೊಡ್ಡದನ್ನು ಎತ್ತಿ ಎಳೆದಳು. ಕುತ್ತಿಗೆಯ ನರ ಉಬ್ಬಿದವು, ಆದರೆ ಎಳೆದು ಹಿಡಿದಳು.

“ಇದೂ ಬರತೈತ್ರಿ ನನಗ. ನನ್ನ ಕೈ ಗಿಡ್ಡ ಅಲ್ರಿ, ಸಣ್ಣದ್ರೊಳಗ ತೂಕ ಕಡಿಮಿ ಬೀಳೂದಿಲ್ಲೇನು?”

ಅಂಗಡಿಯವನು ಎಳೆತದ ತೂಕ ತೋರಿಸುವ ಮಾಪಕ ತರಲು ಒಳಗೆ ಹೊರಟ. ನಾನು ಅವನನ್ನು ತಡೆದೆ — ಇವಳು ನನ್ನ ಶಿಷ್ಯೆ, ಕ್ಲಬ್ಬಿನಲ್ಲಿ ನಾನೇ ಅಳೆಯುತ್ತೇನೆ ಎಂದೆ. ಅವಳಿಗೆ ಹೇಳಿದೆ: “ಭಾರದ್ದು ತಗೊಂಡ್ರ ಕೈ ನಡುಗತೈತಿ. ನಲವತ್ತೈದರದ್ದ ಸಾಕು.”

ಅಂಗಡಿಯಲ್ಲಿ ಹೇಳಿದ್ದಕ್ಕೆ ಅರ್ಧ ನೆಪವಾದರೂ ಇತ್ತು. ಭಾರದ ಬಿಲ್ಲು ಗುರಿ ಕೆಡಿಸುವುದು ನಿಜ. ಆದರೆ ಮರುದಿನ ಕ್ಲಬ್ಬಿನಲ್ಲಿ — ಅವಳು ಬಿಲ್ಲನ್ನು ನೇರ ಹಿಡಿದು ನಿಂತಳು, ನಾನು ಮಾಪಕದ ಕೊಕ್ಕೆಯನ್ನು ಹೆದೆಗೆ ಸಿಕ್ಕಿಸಿ ಅವಳು ಎಳೆಯುವಷ್ಟೇ ದೂರ ಎಳೆದೆ. ಅಂಕಿ ನನ್ನ ಕಡೆಗಿತ್ತು. ಮೂವತ್ತೆಂಟು.

“ಎಷ್ಟು ಬಂತ್ರಿ?”

“ನಲವತ್ತೈದು.”

ಅವಳು ಬಂದು ಮಾಪಕ ನೋಡಲಿಲ್ಲ. ನೋಡಬಹುದಿತ್ತು, ಎರಡು ಹೆಜ್ಜೆ. ನನ್ನ ಮಾತಿನ ಮೇಲೆ ಮತ್ತೆ ನೋಡುವ ಅಭ್ಯಾಸವೇ ಅವಳಿಗಿರಲಿಲ್ಲ.

ಆಗ ನಾನು ಅಂದುಕೊಂಡದ್ದು ಇದು: ಅಲ್ಲಿ ಬೇಟೆಗಾರ ಅಳೆಯುತ್ತಾನೆ, ಈ ಬಿಲ್ಲು ನಡೆಯದು ಎಂದು ವಾಪಸು ಕಳಿಸುತ್ತಾನೆ. ಎಲ್ಲರೆದುರು ಅವಳ ಮುಖ ಸಣ್ಣದಾಗಲಿ. ನಿನ್ನ ಹೊಸ ಕೋಚ್ ಇದನ್ನು ಹೇಳಿಕೊಡಲಿಲ್ಲವೇ ಎಂದು ನಾನು ಕೇಳದೆಯೇ ಕೇಳಿದಂತಾಗಲಿ. ಅಷ್ಟೇ — ಅಷ್ಟೇ ಎಂದು ಬರೆಯುತ್ತೇನೆ, ಅದೇನು ಸಣ್ಣದೇ? ನಂತರದ ವರ್ಷಗಳಲ್ಲಿ ಇದಕ್ಕೆ ಇನ್ನೂ ಚೆಂದದ ಬಟ್ಟೆ ತೊಡಿಸಿದೆ. ಜಿಂಕೆಯ ಮೇಲಿನ ಕರುಣೆಯಿಂದ ಹಾಗೆ ಮಾಡಿದೆ, ಕೊಲ್ಲುವ ಪಾಪದಿಂದ ಅವಳನ್ನು ತಪ್ಪಿಸಲು ಮಾಡಿದೆ ಎಂದು ನನಗೇ ಹೇಳಿಕೊಂಡೆ. ಕರುಣೆ ಇದ್ದವಳು ಹೋಗಬೇಡ ಎನ್ನುತ್ತಾಳೆ. ನಾನು ಏರ್‌ಪೋರ್ಟಿಗೆ ಬಿಟ್ಟುಬಂದೆ. ದಾರಿಗೆ ಚಪಾತಿ ಕಟ್ಟಿಕೊಟ್ಟೆ.

ಬೇಟೆಗಾರ ಅಳೆಯಲಿಲ್ಲ. ಬಿಲ್ಲಿನ ಮೇಲೆ ಬರೆದ ನಲವತ್ತೈದನ್ನು ಓದಿ, ಸರಿ ಎಂದು ತಲೆಯಾಡಿಸಿದನಂತೆ.

ಐದನೆಯ ದಿನ ರುಕ್ಕು ವಾಪಸು ಬಂದಳು. ತನ್ನ ಫ್ಲ್ಯಾಟಿಗೆ ಹೋಗಲಿಲ್ಲ, ನೇರ ನಮ್ಮಲ್ಲಿಗೆ ಬಂದು ಸೋಫಾದ ಮೇಲೆ ಕೂತಳು. ಬಾಣ ಸರಿಯಾದ ಜಾಗಕ್ಕೇ ಬಿದ್ದಿತ್ತು, ಆದರೆ ಆಳಕ್ಕೆ ಇಳಿಯಲಿಲ್ಲ. ಜಿಂಕೆ ಬಾಣ ಸಮೇತ ಪೊದೆಯೊಳಗೆ ಹೋಯಿತು. ಕತ್ತಲಾಯಿತೆಂದು ಹುಡುಕುವುದನ್ನು ನಿಲ್ಲಿಸಿದರು. ಬೆಳಿಗ್ಗೆ ನಾಯಿ ಬಿಟ್ಟು ಹುಡುಕಿದಾಗ ಇನ್ನೂ ಜೀವವಿತ್ತು. ಬೇಟೆಗಾರ ಬಂದೂಕಿನಿಂದ ಮುಗಿಸಿದ. ಮುಗಿಸಿ, ಬಿಲ್ಲಿನಲ್ಲಿ ದೋಷವಿಲ್ಲ, ನೀನು ಹೆದರಿ ಪೂರ್ತಿ ಎಳೆದಿಲ್ಲ ಎಂದು ಅವಳಿಗೆ ಹೇಳಿದ.

“ಎಳದೀನಿ ಅಂತನ ಅನಸ್ತಿತ್ರಿ ವೈನಿ. ಗಲ್ಲಕ್ಕ ಹೆದಿ ತಾಗಿದ್ದು ನೆನಪೈತಿ. ಖರೇನ ಎಳದಿಲ್ಲೇನ್ರಿ ನಾ?”

ನನ್ನ ತೊಡೆಯ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ನಾನು ಅವಳ ಕೂದಲು ಸವರುತ್ತಿದ್ದೆ. ಆಗ ಹೇಳಬಹುದಿತ್ತು. ಮೊದಲ ಸುಳ್ಳನ್ನು ತಿದ್ದಲು ಅದೊಂದು ಗಳಿಗೆ ನನ್ನ ತೊಡೆಯ ಮೇಲೆಯೇ ಬಂದು ಬಿದ್ದಿತ್ತು.

“ಹೆದರಿಕಿಯೊಳಗ ಹಂಗ ಆಗತೈತವ್ವ,” ಎಂದೆ. “ಎಲ್ಲಾರ ಕೈಲೆ ಆಗೂದಲ್ಲ ಅದು.”

ಮೊದಲನೆಯದು ಅಂಕಿಯ ಸುಳ್ಳು. ಇದು ಅವಳ ಬಗ್ಗೆಯೇ ಅವಳಿಗೆ ಹೇಳಿದ ಸುಳ್ಳು. ಎರಡರಲ್ಲಿ ಯಾವುದು ದೊಡ್ಡದು ಎಂದು ನನ್ನನ್ನು ಕೇಳಬೇಡಿ.

ಅವಳು ಬಿಲ್ಲು ಬಿಟ್ಟಳು. ಮಾಂಸವನ್ನೂ ಬಿಟ್ಟಳು. ಆ ಇನ್ನೊಂದು ಕ್ಲಬ್ಬಿನ ಕೋಚ್ ಬಳಿಗೂ ಮತ್ತೆ ಹೋಗಲಿಲ್ಲ. ವಾರವಾರ ನಮ್ಮ ಮನೆಗೇ ಬರತೊಡಗಿದಳು, ಮೊದಲಿನ ಹಾಗೆ. ನನಗೆ ಆಗ ಏನನ್ನಿಸಿತು ಎಂಬುದನ್ನೂ ಬರೆಯಬೇಕು, ಇಲ್ಲವಾದರೆ ಈ ಬರಹಕ್ಕೆ ಅರ್ಥವಿಲ್ಲ — ನೆಮ್ಮದಿ ಅನ್ನಿಸಿತು. ನನ್ನ ರುಕ್ಕು ನನಗೆ ವಾಪಸು ಸಿಕ್ಕಳು ಅನ್ನಿಸಿತು.

ಆರು ವರ್ಷ ಹೀಗೇ ನಡೆಯಿತು. ರುಕ್ಕು ಡ್ರೈವಿಂಗ್ ಟೆಸ್ಟಿಗೆ ಹಣ ಕಟ್ಟಿ ಹೋಗಲಿಲ್ಲ. ಕೆಲಸದಲ್ಲಿ ಅವಳಿಗಿಂತ ಕಿರಿಯರು ಮೇಲೇರಿದರು. ನಾನು ನೋಡುತ್ತಿದ್ದೆ, ಒಂದಕ್ಕೊಂದು ಸಂಬಂಧವಿಲ್ಲ ಎಂದುಕೊಳ್ಳುತ್ತಿದ್ದೆ. ಈ ಸಲದ ಯುಗಾದಿಗೆ ಮನೆಗೆ ನಾಲ್ಕಾರು ಜನರನ್ನು ಕರೆದಿದ್ದೆವು. ಬೆಂಗಳೂರಿನ ಕಡೆಯ ಒಬ್ಬರು ಅವಳನ್ನು ಕೇಳಿದರು: “ನಿಮ್ಮನ್ನೇ ಇಡೀ ವಿಭಾಗಕ್ಕೆ ಮುಖ್ಯಸ್ಥೆ ಮಾಡ್ತೀವಿ ಅಂದ್ರಂತೆ, ಯಾಕೆ ಬೇಡ ಅಂದ್ರಿ?” ರುಕ್ಕು ಹೋಳಿಗೆ ಬಡಿಸುತ್ತ, ನಗುತ್ತಲೇ ಹೇಳಿದಳು: “ಕಡೀ ಗಳಿಗಿಗೆ ನನ್ನ ಕೈ ಹಿಂದ ಸರೀತಾವ್ರಿ. ನನಗ ಗೊತ್ತೈತಿ. ನಮ್ಮ ವೈನಿಗೂ ಗೊತ್ತೈತಿ, ಕೇಳ್ರಿ ಬೇಕಾದ್ರ.”

ಎಲ್ಲರೂ ನನ್ನ ಕಡೆ ನೋಡಿದರು. ನಾನು ಪಾತ್ರೆ ಎತ್ತಿಕೊಂಡು ಒಳಗೆ ಹೋದೆ.

ಆ ಶನಿವಾರ ಮಧ್ಯಾಹ್ನ ಕೊಲಿಂಡೇಲಿಗೆ ಹೋದೆ. ಲಿಫ್ಟಿನಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡೆ. ಅವಳು ಬಾಗಿಲು ತೆಗೆದಾಗ ಒಂದೂ ಉಳಿಯಲಿಲ್ಲ. ನಿಂತಲ್ಲೇ ಹೇಳಿದೆ. ಮಾಪಕ ಮೂವತ್ತೆಂಟು ತೋರಿಸಿತ್ತು, ನೀನು ಪೂರ್ತಿ ಎಳೆದಿದ್ದೆ, ನಿನ್ನ ಕೈ ಹೆದರಿರಲಿಲ್ಲ. ಶನಿವಾರದ ಕೋಚ್ ವಿಷಯವನ್ನೂ ಹೇಳಿದೆ.

ಅವಳು ಕಿಟಕಿಯ ಹತ್ತಿರ ಹೋದಳು.

“ನಿಮಗ ಬ್ಯಾಸರಾಗತೈತಂತ ಹೇಳಿರಲಿಲ್ಲ. ಅದು ನನ್ನ ತಪ್ಪು. ನೀವು ಕೇಳಬೇಕಿತ್ತು.”

“ಹೌದು.”

“ಆ ಜಿಂಕಿ ನನ್ನ ನೋಡತಿತ್ತು. ನಾಯಿ ಬೊಗಳಿದ್ರೂ ನನ್ನನ್ನ ನೋಡತಿತ್ತು. ಆರು ವರ್ಷ ದಿನಾ ಅದರ ಮುಂದ ತಪ್ಪಾತು ಅಂದೀನಿ. ನನ್ನ ತಪ್ಪಂತ ತಿಳದು ಅಂದೀನಿ. ಇವತ್ತು ಅದನ್ನೂ ಕಸಗೊಂಡ್ರಿ. ಇನ್ನ ನಾ ಅದಕ್ಕ ಏನನ್ನಲಿ?”

ಕ್ಷಮಿಸು ಎನ್ನಲು ಬಾಯಿ ತೆರೆದೆ; ಅವಳು ಕೈ ಎತ್ತಿ ತಡೆದಳು.

“ಅಣ್ಣಗ ಗೊತ್ತೈತೇನು?”

“ಇಲ್ಲ.”

“ನಾ ಹೇಳೂದಿಲ್ಲ. ನೀವ ಹೇಳ್ರಿ. ಈಗ ಹೋಗ್ರಿ.”

ಮನೆಗೆ ಬಂದು ನಮ್ಮ ಮನೆಯವರಿಗೆ ಹೇಳಿದೆ. ಅವರು ಟಿವಿ ಆರಿಸಿದರು. ಪೂರ್ತಿ ಕೇಳಿ, “ಆಕಿ ನಿನ್ನನ್ನ ಅವ್ವನ ಜಾಗಾದಾಗ ಇಟ್ಟಿದ್ಲು,” ಎಂದರು. ಕೋಟು ಹಾಕಿಕೊಂಡು ತಂಗಿಯ ಮನೆಗೆ ಹೋದರು. ಮೂರು ದಿನ ಬಿಟ್ಟು ಬಂದರು. ಬೇಕಾದಷ್ಟೇ ಮಾತನಾಡುತ್ತಾರೆ. ರುಕ್ಕು ಬಂದಿಲ್ಲ. ಬಾ ಎಂದು ನಾನೂ ಕರೆದಿಲ್ಲ — ಕ್ಷಮೆಯ ಹೆಸರಿನಲ್ಲಿ ಅವಳನ್ನು ಮತ್ತೆ ನನ್ನ ಕಡೆಗೆ ಎಳೆದುಕೊಳ್ಳುವ ಹಕ್ಕು ನನಗಿಲ್ಲ.

ಕಳೆದ ಭಾನುವಾರ ಕ್ಲಬ್ಬಿನಲ್ಲಿ ಎಲ್ಲರನ್ನೂ ಕೂರಿಸಿ ನಡೆದದ್ದನ್ನು ಹೇಳಿದೆ. ಇನ್ನು ಕಲಿಸುವುದಿಲ್ಲ ಎಂದು ಹೇಳಿ, ಸಲಕರಣೆಯ ಕೋಣೆಯ ಬೀಗದ ಕೈ ಮೇಜಿನ ಮೇಲಿಟ್ಟೆ. ಹಿಂದಿನ ಸಾಲಿನ ಒಬ್ಬ ಮುದುಕರು ಕೇಳಿದರು, ಆದರೆ ಯಾಕೆ ಹಾಗೆ ಮಾಡಿದೆ ಎಂದು. ಉತ್ತರ ಬಾಯಿಗೇ ಬಂದಿತ್ತು — ನಾಲ್ಕು ವರ್ಷ ಕಲಿಸಿದ್ದೆ, ಅವಳು ನನಗೆ ಹೇಳದೆ ಬೇರೆಯವರ ಬಳಿ... ಅಷ್ಟರಲ್ಲಿ ಆ ಮುದುಕರ ಮುಖ ಮೆತ್ತಗಾಗಲು ಶುರುವಾದದ್ದು ಕಂಡಿತು. ನನಗಾಗಿ ಮೆತ್ತಗಾಗುತ್ತಿತ್ತು. ಬಾಯಿ ಮುಚ್ಚಿಕೊಂಡೆ.

“ಹೊಟ್ಟೆಕಿಚ್ಚಿಗೆ,” ಎಂದೆ.