ಬೇವಿಲ್ಲದ ಬಾಗಿಲು

ಗೆಳೆಯರೇ, ಇವತ್ತು ಇಚಲಕರಂಜಿಯ ಮಗ್ಗದ ಕೂಲಿಗಳ ಸಾಲುಮನೆಗಳ ಚಾಳಿಗೆ ಹೋಗಿದ್ದೆ. ಊರಲ್ಲಿ ಸಿಡುಬು ಹಬ್ಬಿದೆ. ಮಕ್ಕಳಿಗೆ ಲಸಿಕೆ ಯಾಕೆ ಹಾಕಿಸುವುದಿಲ್ಲ ಎಂದು ತಾಯಂದಿರನ್ನು ಕೇಳಿ ತಿಳಿಯುವುದು ನನ್ನ ಕೆಲಸ. ನೋಡಿದರೆ ಬಾಗಿಲಿಗೆಲ್ಲ ಬೇವಿನ ತೊಪ್ಪಲು! ಬೇವು ಕಟ್ಟಿದರೆ ಒಳಗೆ ಯಾರಿಗೋ ದೇವಿ ಬಂದಿದ್ದಾಳೆ, ಸಿಡುಬು ಎದ್ದಿದೆ ಎಂದರ್ಥ; ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ನನ್ನ ಜೊತೆ ಬಂದಿದ್ದ ಲಸಿಕೆ ಹಾಕುವಾತ ಪ್ರತಿ ಬಾಗಿಲಿಗೂ ಕೈಮುಗಿದು ಮುಂದೆ ನಡೆಯುತ್ತಿದ್ದ.

ಮೊದಲ ಮನೆಯ ಮಕ್ಕಳು ಅಂಗಳದಲ್ಲೇ ಕುಣಿಯುತ್ತಿದ್ದವು. "ಇವಕ್ಕೇನೂ ಆಗಿಲ್ಲಲ್ಲವ್ವಾ?" ಎಂದೆ.

"ನಿಮಗಷ್ಟ ಹೇಳತೇನ್ರಿ, ಬೇವು ಸುಳ್ಳ ಕಟ್ಟೇವಿ," ಎಂದಳು ತಾಯಿ. "ಲಸಿಕಿ ಹಾಕಿದ್ರ ಕೂಸಿಗೆ ಜ್ವರಾ ಬರತಾವು. ಅದನ್ನ ಹಿಡ್ಕೊಂಡು ಕುಂತ್ರ ಮಗ್ಗದ ಕಂಡಿಕಿಗೆ ನೂಲ ಸುತ್ತಾವ್ರು ಯಾರ್ರಿ?"

ಕೊನೆಯ ಮನೆಗೆ ಮಾತ್ರ ಬೇವಿರಲಿಲ್ಲ. ಒಬ್ಬಳಾದರೂ ಧೈರ್ಯವಂತೆ ಸಿಕ್ಕಳಲ್ಲ ಎಂದು ಲಸಿಕೆಯಾತನನ್ನು ಕರೆದುಕೊಂಡು ಒಳಗೆ ಹೋದೆ. ಚಾಪೆಯ ಮೇಲೆ ಮಗು ಮಲಗಿತ್ತು, ಕಣ್ಣು ತೆರೆಯಲಾಗದಷ್ಟು ಮುಖದ ತುಂಬ ಗುಳ್ಳೆ.

"ಬೇವು ಯಾಕ ಕಟ್ಟಿಲ್ಲವ್ವಾ?" ಎಂದು ಅದರ ತಾಯಿಯನ್ನು ಕೇಳಿದೆ.

"ಗಿಡದಾಗ ಒಂದ ಎಲಿ ಬಿಟ್ಟಿಲ್ರಿ ಈ ಚಾಳಿನ ಮಂದಿ. ಕೂಸಿಗೆ ಗಾಳಿ ಬೀಸಾಕೂ ಒಂದ ಟೊಂಗಿ ಸಿಗಲಿಲ್ಲ."

ಇಡೀ ಚಾಳಿನಲ್ಲಿ ನಮ್ಮನ್ನು ಒಳಗೆ ಬಿಟ್ಟ ಮನೆ ಅದೊಂದೇ. ಲಸಿಕೆಗೆ ಅಲ್ಲಿ ಕೆಲಸವೇ ಉಳಿದಿರಲಿಲ್ಲ.