ಓರೆ ಹೊಲದ ನೀಲಗಂಗವ್ವ

ಕದರಮಂಡಲಗಿಯ ನೀಲಗಂಗವ್ವನ ಗಂಡ ಶಶಿಕಾಂತ, ಗುಡ್ಡದ ಹೊಲದ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಅಡ್ಡಕ್ಕೆ ತಿರುಗಿಸುವಾಗ ಅದು ಮಗುಚಿ, ಅದರಡಿ ಸಿಕ್ಕು ಸತ್ತ. ಆಮೇಲೆ ಅವಳೇ ಟ್ರ್ಯಾಕ್ಟರ್ ಕಲಿಯಲು ಹೊರಟಳು.

"ಡ್ರೈವರ್‌ನ ಇಡೂಣು ಬಿಡವಾ" ಎಂದ ಮಾವ ಹನುಮಪ್ಪ.

"ಆತಗೂ ಮನ್ಯಾಗ ಹೆಂಡ್ತಿ ಇರ್ತಾಳಲ್ರಿ, ಮಾವಾರ."

ಕಲಿತಳು. ಸಣ್ಣ ಗೇರಿನಲ್ಲೇ ಏರುತ್ತಿದ್ದಳು, ಸಣ್ಣ ಗೇರಿನಲ್ಲೇ ಇಳಿಯುತ್ತಿದ್ದಳು. ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳುತ್ತಿರಲಿಲ್ಲ.

ಈ ಮುಂಗಾರಿಗೆ ಹೊಲವೆಲ್ಲ ಉತ್ತು, ಗಂಡ ಸತ್ತ ಮೂಲೆಯೊಂದನ್ನು ಬಿಟ್ಟಳು.

"ಅದನ್ಯಾಕ ಬಿಟ್ಟಿ?" ಮಾವ ಕೇಳಿದ.

"ಅಲ್ಲಿ ಓರೆ ಭಾಳ ಐತ್ರಿ. ಗಾಡಿ ನಿಲ್ಲೂದಿಲ್ಲ."

ಮುದುಕ ಗುದ್ದಲಿ ಹಿಡಿದು ಆ ಮೂಲೆಯನ್ನು ಅಗೆಯತೊಡಗಿದ. ಅವಳು ಎಂಜಿನ್ ಆರಿಸಿ ಹೋಗಿ, ಅವನ ಪಕ್ಕ ಕೂತು ಕೈಯಿಂದಲೇ ಹೆಂಟೆ ಒಡೆದಳು. ಗಂಡ ಸತ್ತಾಗಲೂ ಜೋರಾಗಿ ಅಳದಿದ್ದವಳು ಅಲ್ಲಿ ಬಿಕ್ಕಿಬಿಕ್ಕಿ ಅತ್ತಳು.